ಎರಡು ಪೈಸೆಯ ಶಾಲೆ

ಮಗುವನ್ನು ಶಾಲೆಗೆ ಸೇರಿಸಿದರೆ ಫೀಸು ಕಟ್ಟಬೇಕು ಎಂಬುದು ನಮಗೆಲ್ಲ ಗೊತ್ತಿರುವ ಲೆಕ್ಕ. ನೂರಮೂವತ್ತು ವರ್ಷಗಳ ಹಿಂದೆ ಮಂಗಳೂರಿನಲ್ಲಿ ಒಬ್ಬ ವಕೀಲರು ಈ ಲೆಕ್ಕವನ್ನು ತಿರುವಿ ಹಾಕಿದರು. ಮಗು ಶಾಲೆಗೆ ಬಂದ ದಿನ ಅದಕ್ಕೆ ಮಧ್ಯಾಹ್ನದ ಊಟ, ಮನೆಯವರ ಕೈಗೆ ಎರಡು ಪೈಸೆ. ಆ ಶಾಲೆ ದಲಿತ ಮಕ್ಕಳದ್ದು. ಆ ವಕೀಲರ ಹೆಸರು ಕುದ್ಮುಲ್ ರಂಗರಾವ್.

ಮಕ್ಕಳನ್ನು ಕರೆತರಲು ಆಮಿಷ ತೋರಿಸಿದರು ಎಂದು ಕೆಲವರು ಈ ಎರಡು ಪೈಸೆಯನ್ನು ಹಗುರವಾಗಿ ಕಾಣುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಏಳೆಂಟು ವರ್ಷದ ಮಗು ಆಗಿನ ತುಳುನಾಡಿನಲ್ಲಿ ಬರಿಗೈಯಲ್ಲಿ ಕೂತಿರುತ್ತಿರಲಿಲ್ಲ. ಧಣಿಗಳ ಮನೆಯ ದನ ಮೇಯಿಸಬೇಕು, ಸೊಪ್ಪು ಹೊರಬೇಕು, ಮಳೆ ಹಿಡಿದ ಮೇಲೆ ನೇಜಿಯ ಗದ್ದೆಯಲ್ಲಿ ಅಮ್ಮನ ಹಿಂದೆ ನಿಲ್ಲಬೇಕು. ಅದಕ್ಕೆ ಸಿಗುತ್ತಿದ್ದುದು ಒಂದಿಷ್ಟು ಗಂಜಿ. ಆ ಗಂಜಿ ತಪ್ಪಿದರೆ ಮನೆಯಲ್ಲಿ ಒಲೆ ಉರಿಯುವುದೇ ಕಷ್ಟ. ಅಕ್ಷರ ಕಲಿಸಬೇಕಾದರೆ ಆ ದಿನದ ಗಂಜಿಗೆ ಯಾರಾದರೂ ಹೊಣೆಯಾಗಬೇಕು ಎಂಬುದನ್ನು ರಂಗರಾಯರು ಅರಿತಿದ್ದರು. ಅವರ ಕೆಲಸದ ಉದ್ದಕ್ಕೂ ಕಾಣುವುದು ಈ ತಿಳಿವಳಿಕೆಯೇ.

ಈ ಕಥೆಯನ್ನು ಮಂಗಳೂರಿನಿಂದ ಶುರುಮಾಡಿದರೆ ಅದರ ಬೇರು ಸಿಗುವುದಿಲ್ಲ. ಘಟ್ಟದ ಕಡೆಗೆ ಸ್ವಲ್ಪ ಒಳಗೆ ಬರಬೇಕು. ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿದರೆ ಮೆಲ್ಕಾರ್. ಇಂದು ಬಸ್ಸು, ಲಾರಿ, ಅಂಗಡಿಗಳ ಗದ್ದಲದ ಕೂಡುದಾರಿ ಇದು. ಸುತ್ತಲಿನ ಬಂಟ್ವಾಳ, ಅತ್ತ ಬೆಳ್ತಂಗಡಿ, ಇತ್ತ ಮೂಡುಬಿದಿರೆ ಎಲ್ಲ ಬೈಲು ಗದ್ದೆಗಳ, ಅಡಿಕೆ ತೋಟಗಳ, ಗುತ್ತು ಬೀಡುಗಳ ನಾಡು. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಊರೂರು ಸುತ್ತುತ್ತಿದ್ದ ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನು ಹಾದುಹೋದ. ಮಣ್ಣು, ಬೆಳೆ, ಗೇಣಿ ಎಲ್ಲವನ್ನೂ ಬರೆದುಕೊಂಡ. ಅದೇ ಕೈಯಲ್ಲಿ ಇಲ್ಲಿನ ಗದ್ದೆಗಳನ್ನು ಉಳುವವರಲ್ಲಿ ಗುಲಾಮರೂ ಇದ್ದಾರೆ ಎಂದೂ, ಅವರಿಗೆ ದಿನಕ್ಕೆ ಇಷ್ಟು ಅಕ್ಕಿ ಅಳೆದು ಕೊಡುತ್ತಾರೆ ಎಂದೂ ಬರೆದ. ಗುಲಾಮಗಿರಿ ಎಂದೊಡನೆ ನಮಗೆ ಅಮೆರಿಕದ ಹತ್ತಿಯ ಹೊಲಗಳು, ಅಲ್ಲಿನ ಕಪ್ಪು ಜನರು ನೆನಪಾಗುತ್ತಾರೆ. ನೇತ್ರಾವತಿಯ ದಂಡೆಯ ಗದ್ದೆಗಳು ನೆನಪಾಗುವುದಿಲ್ಲ.

1843ರ ಕಾನೂನು ಕಂಪನಿಯ ಆಳ್ವಿಕೆಯಲ್ಲಿ ಗುಲಾಮಗಿರಿಗೆ ಇದ್ದ ಮಾನ್ಯತೆಯನ್ನು ತೆಗೆಯಿತು. ಅಮೆರಿಕದಲ್ಲಿ 1865ರಲ್ಲಿ ಸಂವಿಧಾನದ ತಿದ್ದುಪಡಿ ಬಂತು. ಎರಡೂ ಕಡೆ ಕಾಗದದ ಮೇಲೆ ಬಿಡುಗಡೆಯಾಯಿತು, ಬದುಕು ಹೆಚ್ಚು ಬದಲಾಗಲಿಲ್ಲ. ತುಳುನಾಡಿನಲ್ಲಿ ‘ಮೂಲದ ಆಳು’ ಪದ್ಧತಿ ಉಳಿಯಿತು. ಧಣಿಯ ಜಾಗದ ಒಂದು ಮೂಲೆಯಲ್ಲಿ ಗುಡಿಸಲು, ಮದುವೆಗೆ ಧಣಿಯೇ ಕೊಡುವ ಹಣ, ಆ ಹಣಕ್ಕೆ ಜೀವನವಿಡೀ ದುಡಿತ, ಅಪ್ಪನ ನಂತರ ಮಗ. ಬಿಟ್ಟು ಹೋಗುತ್ತೇನೆ ಎಂದರೆ ಗುಡಿಸಲೂ ಹೋಯಿತು, ಕೂಲಿಯೂ ಹೋಯಿತು. ಕೊರಗ ಸಮುದಾಯದವರ ಪಾಡು ಇನ್ನೂ ಕೆಳಗೆ. ಊರ ಹೊರಗಿನ ಕೊಪ್ಪದಲ್ಲಿ ವಾಸ, ಬುಟ್ಟಿ ಹೆಣೆಯುವುದು, ಡೋಲು ಬಾರಿಸುವುದು. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ ತಮ್ಮ ಮನೆಯ ಪೀಡೆ ಕಳೆಯಿತು ಎಂದುಕೊಳ್ಳುವ ‘ಅಜಲು’ ಪದ್ಧತಿಯೂ ಇತ್ತು. ಇದನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ ಸರ್ಕಾರ ತಂದದ್ದು 2000ದಲ್ಲಿ. ಅಂದರೆ ಮೊನ್ನೆ ಮೊನ್ನೆ.

ಇಂಥ ನಾಡಿನ ಜಿಲ್ಲಾ ಕೇಂದ್ರ ಮಂಗಳೂರು. 1834ರಲ್ಲಿ ಬಾಸೆಲ್ ಮಿಶನ್ನಿನವರು ಅಲ್ಲಿಗೆ ಬಂದಿದ್ದರು. ಶಾಲೆ, ಅಚ್ಚುಕೂಟ, ನೇಯ್ಗೆ, ಹಂಚಿನ ಕಾರ್ಖಾನೆ ಒಂದೊಂದಾಗಿ ಎದ್ದವು. ಕೆಳಜಾತಿಯ ಹುಡುಗ ಓದಬಲ್ಲ, ಯಂತ್ರದ ಮುಂದೆ ನಿಂತು ಸಂಬಳ ಎಣಿಸಬಲ್ಲ ಎಂಬುದನ್ನು ಊರು ಮೊದಲು ಕಂಡದ್ದು ಅಲ್ಲಿ. ಈ ಗಾಳಿ ಇತರರಿಗೂ ತಾಗಿತು. ಬಿಲ್ಲವ ಸಮುದಾಯದ ಅರಸಪ್ಪ ಎಂಬವರು ತಮ್ಮವರಿಗೆ ಮಾನದ ಬದುಕು ಬೇಕೆಂದು ಕಲ್ಕತ್ತೆಯ ಬ್ರಹ್ಮಸಮಾಜಕ್ಕೆ ಕರೆ ಕಳಿಸಿದರು. 1870ರಲ್ಲಿ ಉಳ್ಳಾಲ ರಘುನಾಥಯ್ಯನವರ ಮುಂದಾಳುತನದಲ್ಲಿ ಮಂಗಳೂರಿನ ಬ್ರಹ್ಮಸಮಾಜ ಬೆಳೆಯಿತು. ಸಾರಸ್ವತ ಬ್ರಾಹ್ಮಣ ತರುಣರು ಕೆಲವರು ಅಲ್ಲಿ ಸೇರಿದರು. ಮುಂದೆ ರಂಗರಾಯರೂ ಅವರಲ್ಲೊಬ್ಬರಾದರು. ಅರಸಪ್ಪನವರ ಹೆಸರು ಇಂದು ಯಾರ ಬಾಯಲ್ಲೂ ಇಲ್ಲ. ಬಾಗಿಲು ತಟ್ಟಿದವರು ಅವರು ಎಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನ ಕಡೆಯ ಕುದ್ಮುಲ್ ಎಂಬಲ್ಲಿ. ತಂದೆ ದೇವಪ್ಪಯ್ಯ, ತಾಯಿ ಗೌರಿ. ಹದಿನಾರರಲ್ಲಿ ತಂದೆ ತೀರಿಕೊಂಡರು. ಹುಡುಗ ಮಂಗಳೂರಿಗೆ ಬಂದ. ತಿಂಗಳಿಗೆ ಎಂಟು ರೂಪಾಯಿ ಸಂಬಳದ ಮಾಸ್ತರಿಕೆ ಹಿಡಿದು, ಜೊತೆಜೊತೆಗೆ ಓದಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿದ. ವಕೀಲಿ ಕೈಹಿಡಿಯಿತು. ಬಡವರ ವಕೀಲರೆಂದು ಹೆಸರಾಯಿತು. ಕೋರ್ಟಿನ ಜಗಲಿಯಲ್ಲಿ ದಿನವೂ ಕಂಡದ್ದು ಅವರನ್ನು ಬ್ರಹ್ಮಸಮಾಜದ ಪ್ರಾರ್ಥನೆಯಿಂದಾಚೆಗೆ ನೂಕಿರಬೇಕು. ಬೆಂದೂರಿನ ಬಾಬು ಎಂಬ ದಲಿತ ಯುವಕನ ಕಥೆಯನ್ನು ಮಂಗಳೂರಿನಲ್ಲಿ ಇಂದಿಗೂ ಹೇಳುತ್ತಾರೆ. ನಾಲ್ಕಕ್ಷರ ಕಲಿತು ಕೋರ್ಟಿನಲ್ಲಿ ಸಣ್ಣ ಕೆಲಸಕ್ಕೆ ಸೇರಿದವನನ್ನು ಮೇಲ್ಜಾತಿಯವರು ನೆಮ್ಮದಿಯಿಂದ ದುಡಿಯಗೊಡಲಿಲ್ಲ. ಅದನ್ನು ಕಣ್ಣಾರೆ ಕಂಡು ರಂಗರಾಯರು ಶಾಲೆ ಶುರುಮಾಡುವ ತೀರ್ಮಾನಕ್ಕೆ ಬಂದರು ಎನ್ನುತ್ತಾರೆ.

1892ರಲ್ಲಿ ಉರ್ವ ಚಿಲಿಂಬಿಯ ಒಂದು ಬಾಡಿಗೆ ಮನೆಯಲ್ಲಿ ಮೊದಲ ಶಾಲೆ ತೆರೆಯಿತು.

ಆ ವರ್ಷಕ್ಕೆ ಇನ್ನೊಂದು ಮಹತ್ವವಿದೆ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಜಿಲ್ಲೆ. ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮನ್‌ಹೀರ್ ಅಲ್ಲಿನ ದಲಿತರ ದುರವಸ್ಥೆಯ ಬಗ್ಗೆ ಬರೆದ ವರದಿಯ ಮೇಲೆ ಮದರಾಸು ಸರ್ಕಾರ 1892ರಲ್ಲಿ ಆಜ್ಞೆ ಹೊರಡಿಸಿ, ಅವರಿಗೆ ಭೂಮಿ ಕೊಡುವ ದಾರಿ ತೆರೆಯಿತು. ಮರುವರ್ಷ, ‘ಪಂಚಮರು’ ಎಂದು ಸರ್ಕಾರಿ ಕಾಗದಗಳು ಕರೆಯುತ್ತಿದ್ದವರ ಶಾಲೆಗಳಿಗೆ ವಿಶೇಷ ನೆರವಿನ ಆಜ್ಞೆಯೂ ಬಂತು. ಆದರೆ ಮದರಾಸಿನಲ್ಲಿ ಸಹಿಯಾದ ಕಾಗದ ತನ್ನಷ್ಟಕ್ಕೆ ತಾನೇ ಬಂಟ್ವಾಳದ ಬೈಲಿಗೆ ನಡೆದುಬರುವುದಿಲ್ಲ. ಅದನ್ನು ಹಿಡಿದು ತರುವವರು ಬೇಕು.

ಶಾಲೆ ತೆರೆದದ್ದು ಸುಲಭ, ನಡೆಸಿದ್ದು ಕಷ್ಟ. ಮೊದಲ ತೊಡಕು ಮಾಸ್ತರರದ್ದು. ಮೇಲ್ಜಾತಿಯವರು ಯಾರೂ ಆ ಮಕ್ಕಳ ಮುಂದೆ ಕೂರಲು ಒಪ್ಪಲಿಲ್ಲ. ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಬೇಕಾಯಿತು. ಎರಡನೆಯದು ಜಾಗದ್ದು. ಚಿಲಿಂಬಿಯಿಂದ ಕಂಬಳ ಎಂಬಲ್ಲಿಗೆ, ಅಲ್ಲಿಂದ ಕೋರ್ಟುಗುಡ್ಡೆಯ ಬದಿಯ ಶೇಡಿಗುಡ್ಡೆಗೆ ಶಾಲೆ ಜಾಗ ಬದಲಿಸುತ್ತಲೇ ಹೋಯಿತು. ಮೂರನೆಯದು ರಂಗರಾಯರ ಮನೆಯದೇ. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಕ್ಷೌರಿಕ ಬರಲಿಲ್ಲ, ಮಡಿವಾಳ ಬಟ್ಟೆ ಮುಟ್ಟಲಿಲ್ಲ. ಪತ್ನಿ ರುಕ್ಮಿಣಿಯಮ್ಮ ಈ ಎಲ್ಲದರ ನಡುವೆ ಸಂಸಾರ ತೂಗಿಸಿದರು. ವಕೀಲಿಯಿಂದ ಬಂದ ದುಡ್ಡು ಶಾಲೆಗೆ ಹೋಗುತ್ತಿತ್ತು.

ರಂಗರಾಯರ ತ್ಯಾಗವನ್ನು ಹೇಳುವಾಗ ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಇದರ ಇನ್ನರ್ಧ ಮುಖ್ಯ. ಬಹಿಷ್ಕೃತರಾದರೂ ವಕೀಲರಿಗೆ ವಕೀಲಿ ಉಳಿದಿತ್ತು. ಮಗುವನ್ನು ಶಾಲೆಗೆ ಕಳಿಸಿದ ಅಪ್ಪ ಅಮ್ಮನಿಗೆ ಏನು ಉಳಿದಿತ್ತು? ಧಣಿ ನಾಳೆಯಿಂದ ಬರಬೇಡ ಎಂದರೆ ಹೋಗಲು ಜಾಗವಿಲ್ಲ. ಅಕ್ಷರ ಕಲಿತರೆ ಕಣ್ಣು ಕುರುಡಾಗುತ್ತದೆ, ದೈವ ಮುನಿಯುತ್ತದೆ ಎಂಬ ಹೆದರಿಕೆಯನ್ನು ತಲೆಮಾರುಗಳಿಂದ ತುಂಬಿಟ್ಟಿದ್ದ ಕಾಲ. ಅಂಥ ಹೊತ್ತಿನಲ್ಲಿ ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿಸಿ, ಮಗುವಿನ ತಲೆ ಸವರಿ, ಗುಡ್ಡೆಯ ದಾರಿಗೆ ಬಿಟ್ಟ ತಾಯಂದಿರ ಹೆಸರು ಯಾವ ಕಡತದಲ್ಲೂ ಇಲ್ಲ. ಆ ಶಾಲೆಗಳನ್ನು ಕಟ್ಟಿದವರಲ್ಲಿ ಅವರನ್ನು ಮೊದಲು ಎಣಿಸಬೇಕು.

1897ರಲ್ಲಿ ರಂಗರಾಯರು ಈ ಕೆಲಸಕ್ಕೆ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯ ರೂಪ ಕೊಟ್ಟರು. ಊರವರ ಬಾಯಲ್ಲಿ ಅದು ಡಿ.ಸಿ.ಎಂ. ಮಹಾರಾಷ್ಟ್ರದ ವಿಠ್ಠಲ ರಾಮಜಿ ಶಿಂದೆ ಇದೇ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಕಟ್ಟಿದ್ದು 1906ರಲ್ಲಿ. ದೇಶ ಹೆಚ್ಚು ಬಲ್ಲದ್ದು ಅದನ್ನು. ಮಂಗಳೂರಿನದು ಅದಕ್ಕಿಂತ ಒಂಬತ್ತು ವರ್ಷ ಹಿರಿಯದು. ಬೋಳೂರು, ಕಂಕನಾಡಿ, ಅತ್ತಾವರ, ಮುಲ್ಕಿ, ಉಡುಪಿಗಳಲ್ಲಿ ಶಾಲೆಗಳು ಎದ್ದವು. ಬಂಟ್ವಾಳದವರೇ ಆದ ಪಂಜೆ ಮಂಗೇಶರಾಯರು ಮಾಸ್ತರರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಜಿಲ್ಲೆ ಸುತ್ತುತ್ತ ಮಕ್ಕಳಿಗೆಂದೇ ಹಾಡು, ಕಥೆ ಬರೆಯುತ್ತಿದ್ದ ಕಾಲವೂ ಇದೇ. ಒಂದು ಕಡೆ ಮಗುವಿಗೆ ತಕ್ಕ ಕನ್ನಡ ಹುಟ್ಟುತ್ತಿತ್ತು, ಇನ್ನೊಂದು ಕಡೆ ಆ ಕನ್ನಡದ ಬಾಗಿಲೇ ಕಾಣದ ಮಕ್ಕಳು ಮೊದಲ ಸಲ ಸ್ಲೇಟು ಹಿಡಿಯುತ್ತಿದ್ದರು. ಅವರ ಮನೆಮಾತು ತುಳು ಅಥವಾ ಕೊರಗ ಭಾಷೆ. ಶಾಲೆಯ ಕನ್ನಡ ಅವರಿಗೆ ಹೊಸ ಭಾಷೆಯೇ.

ಬೆಂದೂರಿನ ಬಾಬುವಿನ ಪಾಡು ಕಂಡವರಿಗೆ ಓದು ಒಂದರಿಂದಲೇ ಬದುಕು ಹಸನಾಗುವುದಿಲ್ಲ ಎಂಬುದು ಗೊತ್ತಿತ್ತು. ಆದ್ದರಿಂದ ಮಿಶನ್ನಿನಲ್ಲಿ ಅಕ್ಷರದ ಜೊತೆಗೆ ಮಗ್ಗ ಬಂತು, ಬಡಗಿ ಕೆಲಸ ಬಂತು. ಧಣಿಯ ಗದ್ದೆಯ ಹೊರಗೆ ನಾಲ್ಕು ಕಾಸು ದುಡಿಯುವ ಕಸುಬು ಕೈಗೆ ಸಿಕ್ಕರೆ ಮೂಲದ ಸಾಲದ ಹಗ್ಗ ಸಡಿಲವಾಗುತ್ತದೆ. ಬಳಿಕ ಮನೆಯ ಜಾಗದ ಪ್ರಶ್ನೆ. ಗುಡಿಸಲು ಧಣಿಯ ಮಣ್ಣಿನಲ್ಲಿರುವ ತನಕ ಮಗನ ಓದಿಗೂ ಧಣಿಯ ಅಪ್ಪಣೆ ಬೇಕು. ರಂಗರಾಯರು ಸರ್ಕಾರದಿಂದ ಜಾಗ ಪಡೆದು ದಲಿತರಿಗೆ ನಿವೇಶನ ಹಂಚಿದರು, ಕೊರಗರಿಗೆ ನೆಲೆ ಒದಗಿಸಿದರು, ಸಹಕಾರ ಸಂಘ ಕಟ್ಟಿಸಿದರು. ಅನ್ನ, ಅಕ್ಷರ, ಕಸುಬು, ನೆಲ: ಈ ನಾಲ್ಕನ್ನೂ ಒಬ್ಬರೇ ಒಟ್ಟಿಗೆ ಹಿಡಿದದ್ದು ಆ ಕಾಲದ ಸುಧಾರಕರಲ್ಲಿ ಅಪರೂಪ.

ಮಧ್ಯಾಹ್ನದ ಊಟದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮದರಾಸು ನಗರಸಭೆ ತ್ಯಾಗರಾಯ ಚೆಟ್ಟಿಯವರ ಕಾಲದಲ್ಲಿ ಶಾಲೆಯಲ್ಲಿ ಊಟ ಕೊಟ್ಟದ್ದು 1920ರಲ್ಲಿ. ಶಾಲೆಯ ಬಿಸಿಯೂಟದ ಚರಿತ್ರೆಯನ್ನು ಎಲ್ಲರೂ ಅಲ್ಲಿಂದ ಬರೆಯುತ್ತಾರೆ. ನಮ್ಮ ಅಕ್ಷರ ದಾಸೋಹ ಬಂದದ್ದು 2002ರ ಬಳಿಕ. ಮಂಗಳೂರಿನ ಆ ಸಣ್ಣ ಶಾಲೆಗಳ ಊಟ ಈ ಎರಡಕ್ಕೂ ಹಿಂದಿನದು. ಯಾರ ಪಕ್ಕ ಯಾರು ಕೂತು ಉಣ್ಣಬಹುದು ಎಂಬುದೇ ದೊಡ್ಡ ಜಗಳವಾಗಿದ್ದ ಊರಿನಲ್ಲಿ ಅದು ಬರಿಯ ಹೊಟ್ಟೆಯ ಸಂಗತಿಯಾಗಿರಲಿಲ್ಲ.

ರಂಗರಾಯರ ಶಾಲೆಗಳು ಏಳುತ್ತಿದ್ದ ಹೊತ್ತಿಗೇ ಅಮೆರಿಕದ ಅಲಬಾಮಾದಲ್ಲಿ ಬುಕರ್ ಟಿ. ವಾಷಿಂಗ್ಟನ್ ಕಪ್ಪು ವಿದ್ಯಾರ್ಥಿಗಳಿಗಾಗಿ ಟಸ್ಕೀಗೀ ಶಾಲೆ ಕಟ್ಟುತ್ತಿದ್ದರು. ಹುಟ್ಟಿನಿಂದ ಸ್ವತಃ ಗುಲಾಮರಾಗಿದ್ದವರು ಅವರು. 1881ರಲ್ಲಿ ಆರಂಭವಾದ ಆ ಶಾಲೆಯಲ್ಲಿ ಇಟ್ಟಿಗೆ ಸುಡುವುದರಿಂದ ಹಿಡಿದು ಕಟ್ಟಡ ಏರಿಸುವವರೆಗೆ ಎಲ್ಲವನ್ನೂ ವಿದ್ಯಾರ್ಥಿಗಳೇ ಕಲಿತು ಮಾಡಿದರು. ಕಸುಬು ಮೊದಲು, ಹಕ್ಕು ಆಮೇಲೆ ತಾನಾಗಿ ಬರುತ್ತದೆ ಎಂಬ ವಾಷಿಂಗ್ಟನ್‌ರ ನಿಲುವನ್ನು ಇನ್ನೊಬ್ಬ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡು ಬಾಯ್ಸ್ ಒಪ್ಪಲಿಲ್ಲ. ಮತದಾನದ ಹಕ್ಕು, ಮಾನ, ಉನ್ನತ ವಿದ್ಯೆ ಮೂರನ್ನೂ ಈಗಲೇ ಕೇಳಬೇಕು ಎಂದರು. ಆ ವಾದ ಅಲ್ಲಿ ದಶಕಗಳ ಕಾಲ ನಡೆಯಿತು. ಮಹಾರಾಷ್ಟ್ರದ ಜ್ಯೋತಿಬಾ ಫುಲೆಯವರಂತೂ ಅದಕ್ಕೂ ಮೊದಲೇ, 1873ರ ‘ಗುಲಾಮಗಿರಿ’ಯನ್ನು ಕಪ್ಪು ಜನರ ಬಿಡುಗಡೆಗೆ ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಎರಡು ದೂರದ ನಾಡುಗಳ ನೋವು ಒಂದೇ ಎಂದು ಕಂಡ ಕಣ್ಣು ಅದು. ರಂಗರಾಯರ ಶಾಲೆಯನ್ನು ಈ ಸಾಲಿನಲ್ಲಿ ಇಟ್ಟು ನೋಡಿದರೆ ಅವರು ಮಗ್ಗವನ್ನೂ ಬಿಡಲಿಲ್ಲ, ಸರ್ಕಾರಿ ನೌಕರಿಯ ಕನಸನ್ನೂ ಬಿಡಲಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ವಾಷಿಂಗ್ಟನ್, ಡು ಬಾಯ್ಸ್ ಆ ಜನರ ನಡುವಿನಿಂದಲೇ ಬಂದವರು. ರಂಗರಾಯರು ಹೊರಗಿನಿಂದ ಬಂದವರು, ಮೇಲಿನಿಂದ ಇಳಿದವರು.

ಈ ವ್ಯತ್ಯಾಸ ರಂಗರಾಯರಿಗೂ ತಿಳಿದಿತ್ತೆಂದು ನಾನು ನಂಬುವುದು ಅವರ ಒಂದು ಬಯಕೆಯಿಂದ. ತನ್ನ ಶಾಲೆಯಲ್ಲಿ ಕಲಿತ ಮಗು ಮುಂದೊಂದು ದಿನ ದೊಡ್ಡ ಸರ್ಕಾರಿ ಹುದ್ದೆ ಹಿಡಿದು ಇದೇ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು, ಆಗ ತನ್ನ ಬಾಳು ಸಾರ್ಥಕ ಎನ್ನುತ್ತಿದ್ದರು. ಅತ್ತಾವರದ ಬಾಬುಗುಡ್ಡೆಯಲ್ಲಿರುವ ಅವರ ಸಮಾಧಿಯ ಮೇಲೆ ಈ ಆಸೆಯನ್ನೇ ಕೆತ್ತಿದ್ದಾರೆ. ದಾನ ಕೊಟ್ಟವರು ಸಾಮಾನ್ಯವಾಗಿ ಕಾಲಿಗೆ ಬೀಳುವವರನ್ನು ಬಯಸುತ್ತಾರೆ. ಇವರು ಬಯಸಿದ್ದು ಆ ಮಗು ತನ್ನನ್ನು ದಾಟಿ ಮುಂದೆ ಹೋಗುವುದನ್ನು.

ಬೇರೆಯವರಿಗೆ ಹೇಳಿದ್ದನ್ನು ಸ್ವಂತ ಮನೆಯಲ್ಲೂ ನಡೆಸಿದರು. ಮಗಳು ರಾಧಾಬಾಯಿಗೆ ಚಿಕ್ಕಂದಿನಲ್ಲೇ ಮದುವೆಯಾಗಿ ವೈಧವ್ಯ ಬಂದಿತ್ತು. ಮಗಳ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸುವ ಬದಲು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಕಳಿಸಿದರು. 1912ರಲ್ಲಿ ಆಕೆ ಕುಮಾರಮಂಗಲದ ಜಮೀನ್ದಾರ, ಬೇರೆ ಜಾತಿಯ, ತಮಿಳು ಮನೆತನದ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ವಿಧವಾ ವಿವಾಹ, ಅಂತರ್ಜಾತಿ ವಿವಾಹ ಎರಡೂ ಒಂದೇ ಚಪ್ಪರದಲ್ಲಿ ನಡೆದವು. ಸುಬ್ಬರಾಯನ್ 1926ರಲ್ಲಿ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ಗೆ ಚುನಾಯಿತರಾದ ಮೊದಲ ಮಹಿಳೆಯಾದರು. ಸೇನಾ ಮುಖ್ಯಸ್ಥ ಜನರಲ್ ಕುಮಾರಮಂಗಲಂ, ಕೇಂದ್ರ ಸಚಿವ ಮೋಹನ್ ಕುಮಾರಮಂಗಲಂ, ಸಂಸದೆ ಪಾರ್ವತಿ ಕೃಷ್ಣನ್ ಆಕೆಯ ಮಕ್ಕಳು.

ರವೀಂದ್ರನಾಥ ಟಾಗೋರ್, ಆನಿ ಬೆಸೆಂಟ್, ದೀನಬಂಧು ಆಂಡ್ರೂಸ್ ಮಿಶನ್ನಿನ ಕೆಲಸ ನೋಡಲು ಬಂದರು. ಸರ್ಕಾರ ರಂಗರಾಯರಿಗೆ ರಾವ್ ಸಾಹೇಬ್ ಎಂಬ ಬಿರುದು ಕೊಟ್ಟಿತು. ಕಾರ್ನಾಡ್ ಸದಾಶಿವರಾಯರಂಥ ಕಿರಿಯರು ಹೆಗಲು ಕೊಟ್ಟರು. ದೇಹ ಸೋತಾಗ ರಂಗರಾಯರು ಮಿಶನ್ನನ್ನು ಸರ್ವಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದರು. 1927ರಲ್ಲಿ ಸಂನ್ಯಾಸ ತೆಗೆದುಕೊಂಡು ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಹೆಣವನ್ನು ತೋಟಿಗಳೇ ಹೊರಬೇಕು ಎಂದು ಹೇಳಿಟ್ಟಿದ್ದರು. ಮುಟ್ಟಬಾರದವರು ಎನಿಸಿಕೊಂಡವರ ಹೆಗಲ ಮೇಲೆ ಹೋಗುವುದು ಅವರ ಕೊನೆಯ ಹಟ.

ಗಾಂಧೀಜಿ ಅಸ್ಪೃಶ್ಯತೆಯ ವಿರುದ್ಧ ದೇಶ ಸುತ್ತುತ್ತ ದಕ್ಷಿಣ ಕನ್ನಡಕ್ಕೆ ಬಂದದ್ದು 1934ರ ಫೆಬ್ರವರಿಯಲ್ಲಿ. ಕೊಡಗಿನಿಂದ ಘಟ್ಟ ಇಳಿದು, ಪುತ್ತೂರಿನಲ್ಲಿ ಶಿವರಾಮ ಕಾರಂತರ ಜೊತೆ ದಲಿತರ ಕೇರಿ ನೋಡಿ ಮಂಗಳೂರಿಗೆ ಹೋದರು. ಪುತ್ತೂರಿನ ಕಡೆಯಿಂದ ಬರುವವರಿಗೆ ಕಲ್ಲಡ್ಕ, ಮೆಲ್ಕಾರ್, ಪಾಣೆಮಂಗಳೂರಿನ ದಾರಿಯೇ ದಾರಿ. ರಂಗರಾಯರು ಆಗ ಇರಲಿಲ್ಲ. ಅಸ್ಪೃಶ್ಯತೆಯ ವಿಷಯದಲ್ಲಿ ಅವರೇ ತನಗೆ ಗುರು ಎಂದು ಗಾಂಧೀಜಿ ಹೇಳಿದರೆಂದು ಮಂಗಳೂರಿಗರು ಹೆಮ್ಮೆಯಿಂದ ನೆನೆಯುತ್ತಾರೆ. ಇಂದು ನಗರದ ಪುರಭವನಕ್ಕೆ ಕುದ್ಮುಲ್ ರಂಗರಾವ್ ಹೆಸರಿದೆ. ಯಕ್ಷಗಾನ, ನಾಟಕ, ಸಭೆ ಎಂದು ಅಲ್ಲಿಗೆ ಹೋಗುವವರಲ್ಲಿ ಎಷ್ಟು ಜನಕ್ಕೆ ಎರಡು ಪೈಸೆಯ ಶಾಲೆ ಗೊತ್ತಿದೆ ಎಂದು ಯೋಚಿಸಿದರೆ ಬೇಸರವಾಗುತ್ತದೆ.

ಶಾಲೆಯ ಕೆಲಸವನ್ನು ಮುಂದೆ ಸರ್ಕಾರ ವಹಿಸಿಕೊಂಡಿತು. ಹಾಸ್ಟೆಲ್ ಬಂದವು, ವಿದ್ಯಾರ್ಥಿವೇತನ ಬಂತು, ಮೀಸಲಾತಿ ಬಂತು. ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಿಂದ ದಲಿತ ಮನೆಗಳ ಮಕ್ಕಳು ಮಾಸ್ತರರಾದರು, ಎಂಜಿನಿಯರಾದರು, ವಕೀಲರಾದರು. ನೆಲದ ಕೆಲಸ ಮಾತ್ರ ಹಿಂದೆ ಬಿತ್ತು. 1974ರ ಭೂಸುಧಾರಣೆ ಕಾನೂನು ದಕ್ಷಿಣ ಕನ್ನಡದಲ್ಲಿ ಬೇರೆಡೆಗಿಂತ ಚೆನ್ನಾಗಿ ಜಾರಿಗೆ ಬಂತು ಎಂಬುದು ನಿಜ. ಗೇಣಿಗೆ ಉಳುತ್ತಿದ್ದ ಒಕ್ಕಲುಗಳು ಭೂಮಿಯ ಒಡೆಯರಾದರು. ಆದರೆ ಮೂಲದ ಆಳುಗಳು ಗೇಣಿದಾರರಾಗಿರಲಿಲ್ಲ. ಅವರ ಹೆಸರಿನಲ್ಲಿ ಗೇಣಿಚೀಟಿ ಇರಲಿಲ್ಲ. ಭೂಮಿಯ ಹಕ್ಕು ಕೇಳುವ ಡಿಕ್ಲರೇಶನ್ ಅರ್ಜಿ ತುಂಬೋಣವೆಂದರೆ ತೋರಿಸಲು ಕಾಗದವೇ ಇರಲಿಲ್ಲ. ತಲೆತಲಾಂತರದಿಂದ ಆ ಗದ್ದೆಯ ಕೆಸರಿನಲ್ಲಿ ನಿಂತವರಿಗೆ ಬಹುಮಟ್ಟಿಗೆ ಸಿಕ್ಕಿದ್ದು ಗುಡಿಸಲಿನ ಸುತ್ತಲಿನ ಕೆಲವೇ ಸೆಂಟ್ಸ್.

ಉಳಿದದ್ದು ಬ್ರಿಟಿಷರ ಕಾಲದಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಹೆಸರಿನಲ್ಲಿ ಕಾದಿರಿಸಿದ ಜಮೀನು. ಕಂದಾಯ ದಾಖಲೆಗಳಲ್ಲಿ, ಜನರ ಬಾಯಲ್ಲಿ ಅದು ‘ಡಿ.ಸಿ. ಮನ್ನಾ’. ದಕ್ಷಿಣ ಕನ್ನಡದ ಊರೂರುಗಳಲ್ಲಿ ಈ ಜಮೀನಿದೆ. ಅದರಲ್ಲಿ ಎಷ್ಟೋ ಕಡೆ ಇತರರು ಬೇಲಿ ಹಾಕಿಕೊಂಡಿದ್ದಾರೆ, ಸರ್ಕಾರವೇ ಬೇರೆ ಉಪಯೋಗಕ್ಕೆ ಕೊಟ್ಟದ್ದೂ ಇದೆ. ಬಂಟ್ವಾಳದಲ್ಲಿ, ಬೆಳ್ತಂಗಡಿಯಲ್ಲಿ ದಲಿತ ಸಂಘಟನೆಗಳು ತಾಲೂಕು ಕಚೇರಿಯ ಎದುರು ಧರಣಿ ಕೂತದ್ದುಂಟು, ಕುಂದುಕೊರತೆ ಸಭೆಗಳಲ್ಲಿ ಇದನ್ನು ಮತ್ತೆ ಮತ್ತೆ ಎತ್ತಿದ್ದುಂಟು. ಅವರ ಬೇಡಿಕೆ ಒಂದೇ: ಡಿ.ಸಿ. ಮನ್ನಾ ಜಮೀನನ್ನು ಸರ್ವೆ ಮಾಡಿ, ಗಡಿಗುರುತು ಹಾಕಿ, ಮನೆಯಿಲ್ಲದವರಿಗೆ ಹಕ್ಕುಪತ್ರ ಸಮೇತ ಹಂಚಿ. ಆ ಅರ್ಜಿಗಳನ್ನು ಈಗ ಬರೆಯುವವರು, ಸರ್ವೆ ನಂಬರ್ ಹುಡುಕಿ ತೆಗೆಯುವವರು, ಸಭೆಯಲ್ಲಿ ಎದ್ದು ನಿಂತು ತಹಶೀಲ್ದಾರರನ್ನು ಕೇಳುವವರು ಆ ಕೇರಿಗಳಲ್ಲೇ ಹುಟ್ಟಿ ಓದಿದ ಹುಡುಗ ಹುಡುಗಿಯರು.